ಅಪ್‌ಡೇಟ್: ಡಯಾಲಿಸಿಸ್ ನಡುವೆ ಅಪ್ಪಾಜಿಯ ಬಿಪಿ ಬೀಳುತ್ತಿದ್ದ ವಿಷಯ

ಹಾರ್ಟ್ ಪಂಪಿಂಗ್ ಕಡಿಮೆ ಇರುವ ಅಪ್ಪಾಜಿಗೆ ಡಯಾಲಿಸಿಸ್ ಅರ್ಧಕ್ಕೆ ಬರೋದ್ರೊಳಗೆ ಬಿಪಿ ಬೀಳುತ್ತದೆ, ಏನು ಮಾಡೋದು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ. ಇಲ್ಲೇ ಬಾಗಲಕೋಟೆಯಲ್ಲಿ ಮುಂದುವರಿಸಿದ್ದೇವೆ, ಈಗ ಆರಾಮ ಇದ್ದಾರೆ.

ಡಾಕ್ಟರ್ ಬಿಡಿಸಿ ಹೇಳಿದರು: ಮಷಿನ್ ನೀರು ತೆಗೆಯೋದು ರಕ್ತದಿಂದ. ಕಾಲಿನ ಬಾವಿನಲ್ಲಿರುವ ನೀರು ರಕ್ತನಾಳಕ್ಕೆ ವಾಪಸ್ ಬರಲು ಹೊತ್ತು ಬೇಕು. ಅಷ್ಟರೊಳಗೆ ಹೆಚ್ಚು ಎಳೆದರೆ ದುರ್ಬಲ ಹೃದಯ ತಡಕೊಳ್ಳಲ್ಲ, ಅದರ ಸ್ನಾಯುವಿಗೇ ರಕ್ತ ಸಾಲದಾಗುತ್ತದೆ. ಗಂಟೆಗೆ, ಕಿಲೋ ತೂಕಕ್ಕೆ 13 ಮಿಲಿ ದಾಟದಂತೆ ನೋಡಿಕೊಳ್ಳುತ್ತಾರಂತೆ. ಅಪ್ಪಾಜಿ 60 ಕಿಲೋ, ಅಂದರೆ 4 ಗಂಟೆಗೆ ಸುಮಾರು 3 ಲೀಟರ್.

ಅದಕ್ಕೇ ಅರ್ಧ ಗಂಟೆ ಹೆಚ್ಚಿಗೆ ಕೊಟ್ಟು, ಮಷಿನ್‌ನಲ್ಲಿ ರಕ್ತ ಶುದ್ಧ ಮಾಡುವ ದ್ರಾವಣದ ಉಷ್ಣತೆ 36 ಡಿಗ್ರಿಗೆ ಇಳಿಸಿದ್ದಾರೆ. ತಂಪಿಗೆ ರಕ್ತನಾಳ ಬಿಗಿಯಾಗಿ ಬಿಪಿ ನಿಲ್ಲುತ್ತದೆ. ಚಳಿ ಅಂತಾರೆ, ಕೌದಿ ಹೊದಿಸ್ತೀವಿ. ಬಿಪಿ ಗುಳಿಗೆಯ ಹೊತ್ತನ್ನೂ ಅವರೇ ಬದಲಿಸಿದರು. ದಯವಿಟ್ಟು ನೀವಾಗೇ ಗುಳಿಗೆ ಬಿಡಬೇಡಿ.

ಕಷ್ಟ ಇರೋದು ಮನೆಯಲ್ಲಿ. ಕುಡಿದಷ್ಟೂ ಮಷಿನ್ ತೆಗೆಯಬೇಕಾದ ನೀರು ಹೆಚ್ಚುತ್ತದೆ. ಈ ಬಿಸಿಲಿಗೆ ಮಜ್ಜಿಗೆ ಬೇಡ ಅನ್ನೋದು ಹೇಗೆ? ಅವ್ವ ಉಪ್ಪಿನಕಾಯಿ, ಹಪ್ಪಳ ನಿಲ್ಲಿಸಿದ ಮೇಲೆ ನೀರಡಿಕೆ ತಾನೇ ತಗ್ಗಿದೆ. ಮೊನ್ನೆ ಎರಡು ಡಯಾಲಿಸಿಸ್ ನಡುವೆ ನೀರಿನಿಂದ ತೂಕ ಏರಿದ್ದು 2 ಕಿಲೋ ಮಾತ್ರ, ಬಿಪಿ ಕೊನೇವರೆಗೂ 110ರ ಮೇಲೇ ಇತ್ತು.