ತೀರಸಿಲ್ ಡಾಂಗ್ಡಾ: ಯುರೋಪಿನಲ್ಲಿ ನಿಲ್ಲಲಿಲ್ಲವೆಂದರೆ ಸೋತಂತೆಯೇ?

ಕಾರ್ನರ್ ಬಾವುಟ:
2019ರ ಏಷ್ಯನ್ ಕಪ್‌ನಲ್ಲಿ ಭಾರತ ಥಾಯ್ಲೆಂಡನ್ನು 4-1ರಿಂದ ಮಣಿಸಿದ ಪಂದ್ಯವನ್ನು ಮತ್ತೆ ನೋಡಿದೆ. ಛೆಟ್ರಿಯ ಎರಡು ಗೋಲುಗಳು ಎಲ್ಲರಿಗೂ ನೆನಪಿವೆ. ನನ್ನ ಕಣ್ಣು ನಿಂತದ್ದು ಥಾಯ್ಲೆಂಡಿನ ಏಕೈಕ ಗೋಲನ್ನು ತಲೆಯಿಂದ ಹೊಡೆದ ತೀರಸಿಲ್ ಡಾಂಗ್ಡಾ ಮೇಲೆ. ಮ್ಯಾಂಚೆಸ್ಟರ್ ಸಿಟಿಗೂ ಸ್ಪೇನಿಗೂ ಹೋಗಿ ಹಿಂದಿರುಗಿದವರಂತೆ. ಯಾಕೆ ಅಲ್ಲಿ ನೆಲೆಯೂರಲಿಲ್ಲ? ಬಲ್ಲವರು ತಿಳಿಸಿ.

ಒಂಬತ್ತನೇ ಅಂಗಿ:
ಇವರ ಆಟವನ್ನು ಬಹಳ ಕಾಲದಿಂದ ಹಿಂಬಾಲಿಸಿದವನು ನಾನು. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

2007ರಲ್ಲಿ ಸಿಟಿಯ ಒಡೆತನ ಥಾಯ್ಲೆಂಡಿನ ಮಾಜಿ ಪ್ರಧಾನಿ ಥಾಕ್ಸಿನ್ ಶಿನವಾತ್ರ ಅವರದಾಗಿತ್ತು. ಆಗ ಸಹಿ ಹಾಕಿದ ಮೂವರು ಥಾಯ್ ಆಟಗಾರರಲ್ಲಿ 19ರ ಹರೆಯದ ತೀರಸಿಲ್ ಒಬ್ಬರು. ಆದರೆ ಬ್ರಿಟನ್ನಿನ ಕೆಲಸದ ಪರವಾನಗಿಗೆ ಆಟಗಾರನ ದೇಶ ಫಿಫಾ ಪಟ್ಟಿಯ ಮೊದಲ 70ರೊಳಗೆ ಇರಬೇಕಿತ್ತು, ಥಾಯ್ಲೆಂಡ್ ಇರಲಿಲ್ಲ. ಸ್ವಿಟ್ಜರ್ಲೆಂಡಿನ ಗ್ರಾಸ್‌ಹಾಪರ್ಸ್ ಕ್ಲಬ್ಬಿಗೆ ಲೋನ್ ಮೇಲೆ, ಅಂದರೆ ತಾತ್ಕಾಲಿಕ ಎರವಲಾಗಿ ಕಳುಹಿಸಿ, 2008ರಲ್ಲಿ ಕೈಬಿಟ್ಟರು. ಸಿಟಿಗಾಗಿ ಒಂದು ಅಧಿಕೃತ ಪಂದ್ಯವನ್ನೂ ಆಡಲು ಸಿಗದ ಹುಡುಗ ಅಲ್ಲಿ ಸೋತ ಎನ್ನುವುದು ಅನ್ಯಾಯ.

ಊರಿಗೆ ಮರಳಿ ಥಾಯ್ ಕ್ಲಬ್ ಮುವಾಂಗ್‌ಥಾಂಗ್ ಯುನೈಟೆಡ್ ಸೇರಿದರು. 2012ರಲ್ಲಿ ಆ ತಂಡ ಇಡೀ ಲೀಗಿನಲ್ಲಿ ಒಂದೂ ಪಂದ್ಯ ಸೋಲದೆ ಚಾಂಪಿಯನ್ ಆಯಿತು. 24 ಗೋಲು ಹೊಡೆದ ತೀರಸಿಲ್ ಲೀಗಿನ ಜಂಟಿ ಅಗ್ರ ಗೋಲುಗಾರ. ನನಗೆ ಗೋಲುಗಳಿಗಿಂತ ಹಿಡಿಸುವುದು ಅವರು ಚೆಂಡನ್ನು ಇಟ್ಟುಕೊಳ್ಳುವ ರೀತಿ. ಬೆನ್ನಿಗೆ ಡಿಫೆಂಡರ್ ಅಂಟಿಕೊಂಡಿದ್ದರೂ ಕೆಳಗಿಳಿದು ಚೆಂಡು ಪಡೆದು, ಹಿಂದಿನಿಂದ ಓಡಿಬರುವವನಿಗೆ ಒಂದೇ ಸ್ಪರ್ಶದಲ್ಲಿ ಕೊಡುತ್ತಾರೆ. ಥಾಯ್ಲೆಂಡಿನ ಮಿಡ್‌ಫೀಲ್ಡರ್ ಚನಾತಿಪ್ ಅಂಥವರಿಗೆ ಅಷ್ಟು ಜಾಗ ಸಿಕ್ಕಿದ್ದರಲ್ಲಿ ಈ ಕೆಲಸಕ್ಕೆ ದೊಡ್ಡ ಪಾಲಿದೆ.

2016ರ ನವೆಂಬರ್ 15. ರಾಜ ಭೂಮಿಬೋಲ್ ತೀರಿಕೊಂಡು ತಿಂಗಳಷ್ಟೇ ಆಗಿತ್ತು, ದೇಶವೇ ಶೋಕದಲ್ಲಿತ್ತು. ಬ್ಯಾಂಕಾಕಿನ ರಾಜಮಂಗಲ ಕ್ರೀಡಾಂಗಣದಲ್ಲಿ ವಿಶ್ವಕಪ್ ಅರ್ಹತಾ ಪಂದ್ಯ, ಎದುರಿಗೆ ಏಷ್ಯಾ ಚಾಂಪಿಯನ್ ಆಸ್ಟ್ರೇಲಿಯಾ. 2-2ರ ಡ್ರಾ, ಥಾಯ್ಲೆಂಡಿನ ಎರಡೂ ಗೋಲು ಇವರದೇ. ನಾಲ್ಕೇ ದಿನದಲ್ಲಿ ಫಿಲಿಪ್ಪೀನ್ಸಿನಲ್ಲಿ, ಆಗ್ನೇಯ ಏಷ್ಯಾ ಚಾಂಪಿಯನ್‌ಷಿಪ್‌ನಲ್ಲಿ ಇಂಡೊನೇಷ್ಯಾ ವಿರುದ್ಧ ಹ್ಯಾಟ್ರಿಕ್. ಇದನ್ನು ಕಂಡವರು ಸೋಲಿನ ಮಾತೆತ್ತುವುದಿಲ್ಲ.

ಎಡಗಾಲಿನ ಗೆಳೆಯ:
ಒಪ್ಪಿದೆ, ಆದರೆ ಸ್ಪೇನಿನ ಕ್ಲಬ್ ಅಲ್ಮೇರಿಯಾದ ಮಾತನ್ನು ನೀವು ದಾಟಿಸಿಬಿಟ್ಟಿರಿ. 2014ರಲ್ಲಿ ಅಲ್ಲಿ ಪರವಾನಗಿಯ ಅಡ್ಡಿ ಇರಲಿಲ್ಲ. ಸ್ಪೇನಿನ ಅಗ್ರ ಲೀಗ್ ಲಾ ಲೀಗಾದಲ್ಲಿ ಆಡಿದ ಮೊದಲ ಥಾಯ್ ಆಟಗಾರ ಎಂಬ ಹೆಸರು ಬಂತು, ಆದರೆ ಹೆಚ್ಚಾಗಿ ಬದಲಿಯಾಗಿಯೇ ಇಳಿದರು. ಋತು ಮುಗಿಯುವ ಮೊದಲೇ ವಾಪಸು.

ಒಂಬತ್ತನೇ ಅಂಗಿ:
ಸರಿ, ಅಲ್ಲಿ ಲೀಗ್ ಗೋಲು ಬರಲಿಲ್ಲ. ಅಲ್ಲಿನ ನಾಕೌಟ್ ಕೂಟ ಕೋಪಾ ದೆಲ್ ರೇಯಲ್ಲಿ ರಿಯಲ್ ಬೆಟಿಸ್ ವಿರುದ್ಧ ಒಂದು ಬಂತು. ಅದು ಕೆಳಗಿನ ಸ್ಥಾನಗಳಲ್ಲಿ ಒದ್ದಾಡುತ್ತಿದ್ದ ತಂಡ. ನಡುವೆಯೇ ಕೋಚ್ ಬದಲಾದರು. ಇಂಥ ಕಡೆ ಹೊಸ ಸ್ಟ್ರೈಕರನಿಗೆ ತಾಳ್ಮೆಯಿಂದ ಅವಕಾಶ ಕೊಡುವವರು ಯಾರು? ನನಗೆ ನೋವಾಗುವುದು ಬೇರೆ ವಿಷಯಕ್ಕೆ. ಅವರು ಸ್ಪೇನಿನಲ್ಲಿದ್ದಾಗಲೇ ಥಾಯ್ಲೆಂಡ್ 2014ರ ಆಗ್ನೇಯ ಏಷ್ಯಾ ಚಾಂಪಿಯನ್‌ಷಿಪ್ ಗೆದ್ದಿತು, ಅವರಿಲ್ಲದೆ. 2008 ಮತ್ತು 2012ರಲ್ಲಿ ಆ ಕೂಟದ ಅಗ್ರ ಗೋಲುಗಾರರ ಸಾಲಿನಲ್ಲಿದ್ದವರಿಗೆ ಎರಡೂ ಬಾರಿ ಕಪ್ ಕೈತಪ್ಪಿತ್ತು.

ಆಮೇಲೆ 2016, 2020, 2022, ಮೂರೂ ಗೆದ್ದರು. ಮೂರರಲ್ಲೂ ಗೋಲು ಪಟ್ಟಿಯ ತುದಿಯಲ್ಲಿ ಅವರ ಹೆಸರಿತ್ತು. ಕೊನೆಯದರಲ್ಲಿ ವಯಸ್ಸು 34. ಸಿಂಗಪುರದ ನೋಹ್ ಆಲಂ ಷಾ ಅವರ 17 ಗೋಲುಗಳ ದಾಖಲೆ ಮುರಿದು, ಆ ಕೂಟದ ಇತಿಹಾಸದಲ್ಲೇ ಅತಿ ಹೆಚ್ಚು ಗೋಲು ಹೊಡೆದವರಾದರು.

ಕಾರ್ನರ್ ಬಾವುಟ:
ಇಬ್ಬರಿಗೂ ಧನ್ಯವಾದ. ಜಪಾನಿನಲ್ಲಿ ಹೇಗಿತ್ತು?

ಒಂಬತ್ತನೇ ಅಂಗಿ:
ಅಲ್ಲಿ ನಿಜಕ್ಕೂ ಚೆನ್ನಾಗಿ ಆಡಿದರು. 2018ರಲ್ಲಿ ಸಾನ್‌ಫ್ರೆಚ್ಚೆ ಹಿರೋಷಿಮಾ ಪರ ಮೊದಲ ಲೀಗ್ ಪಂದ್ಯ. ಎದುರಾಳಿ ಸಪ್ಪೊರೊ ತಂಡದಲ್ಲಿ ಚನಾತಿಪ್! 1-0 ಗೆಲುವು, ಗೋಲು ತೀರಸಿಲ್ ಅವರದು. ಆ ವರ್ಷ ಹಿರೋಷಿಮಾ ಎರಡನೇ ಸ್ಥಾನ ಪಡೆಯಿತು, ಇವರು ಲೀಗಿನಲ್ಲಿ 6 ಗೋಲು ಹೊಡೆದರು. ನೋಡುವುದಾದರೆ ಮೊದಲು ಆಸ್ಟ್ರೇಲಿಯಾ ಪಂದ್ಯ ನೋಡಿ. ಗೋಲುಗಳ ತುಣುಕು ಸಾಲದು, ಪೂರ್ತಿ ತೊಂಬತ್ತು ನಿಮಿಷ ನೋಡಿ. ಚೆಂಡಿಲ್ಲದಾಗ ಅವರು ಎಲ್ಲಿ ನಿಲ್ಲುತ್ತಾರೆಂಬುದನ್ನು ಗಮನಿಸಿ.