ಪ್ರಶ್ನೋತ್ತರ: ಚಾಕು ಕೊಳ್ಳುವಾಗ, ಮಾರುವಾಗ ದುಡ್ಡು ಹೇಗೆ ಕಳಿಸೋದು?

ಪ್ರಶ್ನೆ (ಹಾಸನದಿಂದ): ಮೇಡಂ, ನಮಸ್ಕಾರ. ನಾಲ್ಕು ವರ್ಷದಿಂದ ಚಾಕು ಸಂಗ್ರಹಿಸುವ ಹುಚ್ಚು ಹಿಡಿದಿದೆ. ಮಡಚುವ ಚಾಕು ಏಳು ಇವೆ, ಈಗ ಅಡುಗೆ ಚಾಕುಗಳ ಕಡೆ ಮನಸ್ಸು ಹೋಗಿದೆ. ಪುಣೆಯ ಒಬ್ಬರು ಜಪಾನಿನ 21 ಸೆಂ.ಮೀ. ಗ್ಯೂಟೋ ಅನ್ನೋ ಅಡುಗೆ ಚಾಕು ಮಾರುತ್ತಿದ್ದಾರೆ, 14,000 ರೂಪಾಯಿ. ಪೂರ್ತಿ ದುಡ್ಡು ಮೊದಲೇ ಯುಪಿಐ ಮಾಡಿ, ಆಮೇಲೆ ಕೊರಿಯರ್ ಮಾಡ್ತೀನಿ ಅಂತಾರೆ. ಮುಖ ನೋಡಿಲ್ಲ, ಬರೀ ಚಾಟ್ ಪರಿಚಯ. ನೀವು ಬ್ಯಾಂಕಿನಲ್ಲಿ ಪೇಮೆಂಟ್ ತಕರಾರುಗಳನ್ನೇ ನೋಡುವವರು, ಏನು ಮಾಡಲಿ? ನನ್ನದೂ ಎರಡು ಚಾಕು ಮಾರುವುದಿದೆ.

ಉತ್ತರ: ನಮಸ್ಕಾರ ಸರ್. ಪೂರ್ತಿ ದುಡ್ಡು ಕಳಿಸಬೇಡಿ. ಚಾಕು ಬರದಿದ್ದರೆ ಈ ದುಡ್ಡನ್ನು ವಾಪಸ್ ತರಿಸುವ ಅಧಿಕಾರ ಯಾರಿಗಿದೆ ಅಂತ ಮೊದಲು ಕೇಳಿಕೊಳ್ಳಿ. ಯುಪಿಐನಲ್ಲಿ ನೀವೇ ಪಿನ್ ಒತ್ತಿ ಒಬ್ಬ ವ್ಯಕ್ತಿಗೆ ಕಳಿಸಿದ ಮೇಲೆ ಅದು ಕೈಯಲ್ಲಿ ನೋಟು ಕೊಟ್ಟ ಹಾಗೆಯೇ. ರಿಸರ್ವ್ ಬ್ಯಾಂಕಿನ 2017ರ ನಿಯಮದಲ್ಲಿ ಮೂರು ಕೆಲಸದ ದಿನದೊಳಗೆ ದೂರು ಕೊಟ್ಟರೆ ಗ್ರಾಹಕರಿಗೆ ನಷ್ಟವಿಲ್ಲ ಅಂತ ಇದೆ ನಿಜ, ಆದರೆ ಅದು ನಿಮಗೆ ಗೊತ್ತಿಲ್ಲದೆ, ನಿಮ್ಮ ಒಪ್ಪಿಗೆಯಿಲ್ಲದೆ ಖಾತೆಯಿಂದ ದುಡ್ಡು ಹೋದಾಗ. ನಂಬಿ ಕಳಿಸಿದ್ದಕ್ಕೆ ಅದು ಬರುವುದಿಲ್ಲ. ನನ್ನ ಮುಂದೆ ಕೂತು ಈ ಮಾತು ಕೇಳಿ ಅತ್ತವರಿದ್ದಾರೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಅವರು ಒಪ್ಪಿದರೆ ಹೀಗೆ ಮಾಡಿ. ಚಾಕುವಿನ ಪಕ್ಕ ಒಂದು ಚೀಟಿ ಇಟ್ಟು, ಅದರ ಮೇಲೆ ನಿಮ್ಮ ಹೆಸರು, ಇವತ್ತಿನ ತಾರೀಖು ಬರೆದು ಫೋಟೋ ಕಳಿಸಲಿ. ಅಲಗಿನ ಎರಡೂ ಮಗ್ಗುಲು, ಮೊನೆ, ಹಿಡಿ ಸೇರುವ ಜಾಗ, ಎಲ್ಲ ಹತ್ತಿರದಿಂದ ಕಾಣಬೇಕು. ನಿಜವಾಗಿ ಚಾಕು ಇರುವವರಿಗೆ ಇದು ಎರಡು ನಿಮಿಷದ ಕೆಲಸ. ನಾಳೆ, ನಾಡಿದ್ದು ಅಂತ ಎಳೆದರೆ ಅಲ್ಲಿಗೇ ಬಿಟ್ಟುಬಿಡಿ. ಆಮೇಲೆ ಸ್ವಲ್ಪ ಮುಂಗಡ ಕೊಡಿ, ಉಳಿದದ್ದು ಪ್ಯಾಕ್ ಮಾಡುವ ವಿಡಿಯೋ, ಕೊರಿಯರ್ ರಸೀದಿ ಬಂದ ಮೇಲೆ. ಆಗಲೂ ರಿಸ್ಕ್ ಪೂರ್ತಿ ಹೋಗುವುದಿಲ್ಲ, ಕಮ್ಮಿಯಾಗುತ್ತದೆ ಅಷ್ಟೇ. ದುಡ್ಡು ಕಳಿಸುವ ಮುಂಚೆ ಆಪ್‌ನಲ್ಲಿ ಬರುವ ಹೆಸರು ನೋಡಿ. 2025ರ ಜೂನ್ ಕೊನೆಯಿಂದ ಅಲ್ಲಿ ಬ್ಯಾಂಕ್ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕು ಅಂತ ನಿಯಮವಿದೆ. ಮಾತಾಡುತ್ತಿರುವವರು ಒಬ್ಬರು, ಖಾತೆ ಇನ್ನೊಬ್ಬರದು ಅಂದರೆ ಕಳಿಸಲೇಬೇಡಿ.

ಪ್ರಶ್ನೆ (ಹಾಸನ): ಕ್ರೆಡಿಟ್ ಕಾರ್ಡ್ ಯುಪಿಐಗೆ ಜೋಡಿಸಿದ್ದೀನಿ ಮೇಡಂ, ಅದರಲ್ಲಿ ಕಳಿಸಿದರೆ?

ಉತ್ತರ: ರುಪೇ ಕ್ರೆಡಿಟ್ ಕಾರ್ಡ್ ಯುಪಿಐನಲ್ಲಿ ಅಂಗಡಿಯವರಿಗೆ ಮಾತ್ರ ನಡೆಯುತ್ತದೆ, ವ್ಯಕ್ತಿಗೆ ಹೋಗಲ್ಲ. ಆದರೆ ಅಂಗಡಿಯಿಂದ, ವೆಬ್‌ಸೈಟಿನಿಂದ ಕೊಳ್ಳುವಾಗ ನಾನು ಯಾವಾಗಲೂ ಕ್ರೆಡಿಟ್ ಕಾರ್ಡನ್ನೇ ಹೇಳುವುದು. ಮಾಲು ಬರದಿದ್ದರೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ತಕರಾರು ಹಾಕಬಹುದು, ಅದಕ್ಕೆ ಚಾರ್ಜ್‌ಬ್ಯಾಕ್ ಅಂತೀವಿ. ಬಿಲ್, ಚಾಟ್, ಪಾರ್ಸೆಲ್ ಬಿಚ್ಚಿದ ವಿಡಿಯೋ ಇಟ್ಟುಕೊಳ್ಳಿ. ಗಡುವು ಇರುತ್ತದೆ, ತಿಂಗಳುಗಟ್ಟಲೆ ಕಾಯಬೇಡಿ.

ಇನ್ನೊಂದು. ಕೆಲವರು ಮಾರುವುದಕ್ಕೆ ಪೇಮೆಂಟ್ ಗೇಟ್‌ವೇ (ಆನ್‌ಲೈನಲ್ಲಿ ಗಿರಾಕಿಗಳಿಂದ ದುಡ್ಡು ತಗೊಂಡು ಮಾರುವವರಿಗೆ ಮುಟ್ಟಿಸುವ ಸೇವೆ) ಖಾತೆ ತೆರೆದು ಸುಮ್ನೆ 'ಸ್ಟೇಷನರಿ' ಅಂತ ಬರೆಯುತ್ತಾರೆ. ಗೇಟ್‌ವೇಗಳ ನಿಷೇಧದ ಪಟ್ಟಿಯಲ್ಲಿ ಸಾಮಾನ್ಯವಾಗಿ ಆಯುಧಗಳಿರುತ್ತವೆ, ಅದಕ್ಕೆ ಹೆದರಿ ಸುಳ್ಳು ಹೇಳುವುದು. ಗೊತ್ತಾದ ದಿನ ದುಡ್ಡು ತಡೆಹಿಡಿಯುತ್ತಾರೆ. ಇದ್ದದ್ದನ್ನು ಇದ್ದ ಹಾಗೇ ಬರೆಯಿರಿ: 'ಅಡುಗೆ ಚಾಕು, 21 ಸೆಂ.ಮೀ.' ನಮ್ಮ 2016ರ ಆಯುಧ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಮಾತು ಬರುತ್ತದೆ, ಆದರೆ ಮನೆಬಳಕೆಗೆ, ಕೃಷಿಗೆ ಮಾಡಿದ ಸಾಮಾನಿಗೆ ಅದರಿಂದ ವಿನಾಯಿತಿ ಇದೆ. ನಿಮ್ಮ ಗ್ಯೂಟೋಗೆ ತೊಂದರೆಯಿಲ್ಲ. ಕಠಾರಿ, ಕತ್ತಿ ಮಾರುವವರು ಮೊದಲು ಕಾನೂನು ವಿಚಾರಿಸಿಕೊಳ್ಳಬೇಕು, ಪೇಮೆಂಟ್ ಮಾತು ಆಮೇಲೆ.

ಪ್ರಶ್ನೆ (ಶಿರಸಿಯಿಂದ): ಅಕ್ಕಾ, ಮಾರುವವರಿಗೇನು ಭಯ? ದುಡ್ಡು ಬಂದ ಮೇಲೆ ತಾನೇ ಚಾಕು ಕಳಿಸೋದು?

ಉತ್ತರ: ಅಲ್ಲೇ ಜಾಸ್ತಿ ಜನ ಎಡವುವುದು ತಮ್ಮಾ. ಹಸಿರು ಟಿಕ್ ಇರುವ ಸ್ಕ್ರೀನ್‌ಶಾಟ್ ಕಳಿಸುತ್ತಾರೆ, ಅದು ನಕಲಿ. ನಿನ್ನ ಬ್ಯಾಂಕ್ ಆಪ್ ತೆರೆದು ಬ್ಯಾಲೆನ್ಸ್ ನೋಡಿದ ಮೇಲೇ ಪಾರ್ಸೆಲ್ ಕಟ್ಟು. 'ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತೆ' ಅಂದರೆ ಫೋನ್ ಇಟ್ಟುಬಿಡು. ದುಡ್ಡು ಪಡೆಯುವುದಕ್ಕೆ ಪಿನ್ ಬೇಕಾಗಿಯೇ ಇಲ್ಲ.

ನಮ್ಮಲ್ಲಿಗೆ ಒಬ್ಬರು ಬಂದಿದ್ದರು. ಮಡಚುವ ಚಾಕು ಒಂದನ್ನು 6,500ಕ್ಕೆ ಮಾರಿದ್ದರು. ದುಡ್ಡು ನಿಜವಾಗಿಯೇ ಬಂತು, ಚಾಕು ಹೋಯಿತು. ಕೆಲವು ದಿನ ಬಿಟ್ಟು ನೋಡಿದರೆ ಖಾತೆಗೆ ತಡೆ. ಕೊಂಡವನು ಇನ್ಯಾರಿಗೋ ಮೋಸ ಮಾಡಿ, ಆ ವ್ಯಕ್ತಿಯ ಖಾತೆಯಿಂದಲೇ ನೇರವಾಗಿ ಇವರಿಗೆ ಹಾಕಿಸಿದ್ದ. ಮೋಸ ಹೋದವರು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರು, ದುಡ್ಡು ಹೋದ ಜಾಡು ಹಿಡಿದು ಪೊಲೀಸರು ಇವರ ಖಾತೆವರೆಗೆ ಬಂದರು. ಈ ಮನುಷ್ಯರ ತಪ್ಪು ಒಂದೇ, ಕಳಿಸಿದವರ ಹೆಸರು ಬೇರೆ ಇದ್ದದ್ದನ್ನು ನೋಡಿರಲಿಲ್ಲ. ಚಾಟ್ ಅಳಿಸಿ, ಕೊರಿಯರ್ ರಸೀದಿಯನ್ನೂ ಬಿಸಾಡಿದ್ದರಿಂದ ಮಾರಾಟ ನಿಜ ಅಂತ ತೋರಿಸುವುದಕ್ಕೇ ತಿಂಗಳು ಹಿಡಿಯಿತು. ಮಗಳ ಫೀಸ್ ಕಟ್ಟುವ ಸಮಯ ಬೇರೆ. ಕೊಳ್ಳುವವರ ಸ್ವಂತ ಖಾತೆಯಿಂದಲೇ ತಗೋ. 'ಜಾಸ್ತಿ ಹಾಕಿಬಿಟ್ಟೆ, ಬೇರೆ ನಂಬರಿಗೆ ವಾಪಸ್ ಕಳಿಸಿ' ಅಂದರೆ ಕಳಿಸಬೇಡ, ಬ್ಯಾಂಕಿಗೆ ಬರೆದು ಕೊಡು. ನೀನೇ ಮೋಸ ಹೋದರೆ 1930ಕ್ಕೆ ಆ ಕ್ಷಣವೇ ಫೋನ್ ಮಾಡು. ಮೋಸಗಾರರು ದುಡ್ಡು ತೆಗೆಯುವ ಮುಂಚೆ ತಡೆ ಬಿದ್ದರೆ ಮಾತ್ರ ಆಸೆ.

ಪ್ರಶ್ನೆ (ನ್ಯೂಜೆರ್ಸಿಯಿಂದ): ಇಲ್ಲಿ ಮಾರುವವರು ಪೇಪಾಲ್‌ನಲ್ಲಿ 'ಫ್ರೆಂಡ್ಸ್ ಅಂಡ್ ಫ್ಯಾಮಿಲಿ' ಅಂತ ಕಳಿಸಿ ಅಂತಾರೆ, ಫೀಸ್ ಉಳಿಯುತ್ತೆ ಅಂತ. ಪರವಾಗಿಲ್ವಾ?

ಉತ್ತರ: ಬೇಡ ಸರ್. ಹಾಗೆ ಕಳಿಸಿದರೆ ಕೊಂಡವರ ರಕ್ಷಣೆ ಇರುವುದಿಲ್ಲ. 'ಗೂಡ್ಸ್ ಅಂಡ್ ಸರ್ವಿಸಸ್' ಅಂತ ಕಳಿಸಿದರೆ 180 ದಿನದೊಳಗೆ ತಕರಾರು ತೆಗೆಯಬಹುದು. 'ಫೀಸ್ ನಾನೇ ಕೊಡ್ತೀನಿ' ಅಂತ ಹೇಳಿ ನೋಡಿ, ಪ್ರಾಮಾಣಿಕರು ಒಪ್ಪುತ್ತಾರೆ. ಆದರೆ ಕಾನೂನಿನ ನಿರ್ಬಂಧವಿರುವ ಕೆಲವು ಚಾಕುಗಳನ್ನು ಪೇಪಾಲ್ ನಿಯಮವೇ ಬಿಡುವುದಿಲ್ಲ, ನಿಮ್ಮ ರಾಜ್ಯದ ಕಾನೂನು ನೋಡಿಕೊಳ್ಳಿ. ಝೆಲ್ ನಮ್ಮ ಯುಪಿಐ ಇದ್ದ ಹಾಗೆ, ಗುರುತಿರುವವರಿಗೆ ಮಾತ್ರ. ಭಾರತದೊಳಗಿನ ಪಾವತಿಯನ್ನು ಪೇಪಾಲ್ 2021ರ ಏಪ್ರಿಲ್ 1ರಿಂದ ನಿಲ್ಲಿಸಿದೆ, ಹಾಗಾಗಿ ಇಲ್ಲಿಯವರಿಗೆ ಆ ದಾರಿ ಇಲ್ಲ.

ಪ್ರಶ್ನೆ (ಹಾಸನ): ಮೇಡಂ, ಪುಣೆಯವರು ಚೀಟಿ ಇಟ್ಟು ಫೋಟೋ ಕಳಿಸಿದ್ದಾರೆ! ಮುಂದಿನ ಶನಿವಾರ ಬೆಂಗಳೂರಿಗೆ ಬರ್ತಾರಂತೆ, ಅಲ್ಲೇ ಕೈಗೆ ಕೊಡ್ತೀನಿ ಅಂದರು.

ಉತ್ತರ: ಇದಕ್ಕಿಂತ ಒಳ್ಳೆಯದಿಲ್ಲ. ಜನ ಓಡಾಡುವ ಹೋಟೆಲಲ್ಲಿ ಕೂತು ಕಾಫಿ ಕುಡಿಯುತ್ತಾ ಅಲಗು ನೋಡಿ, ಹಿಡಿ ಅಲ್ಲಾಡುತ್ತಾ ನೋಡಿ, ಅಲ್ಲೇ ಯುಪಿಐ ಮಾಡಿ. ಚಾಕುವಿನ ಪೆಟ್ಟಿಗೆ ಇಲ್ಲದಿದ್ದರೆ ಅಲಗಿಗೆ ದಪ್ಪ ರಟ್ಟು ಸುತ್ತಿ ಟೇಪ್ ಹಾಕಿಸಿಕೊಳ್ಳಿ. ವಾಪಸ್ ಬರುವಾಗ ಮೆಟ್ರೋ ಹತ್ತಬೇಡಿ, ಬ್ಯಾಗ್ ಚೆಕಿಂಗ್‌ನಲ್ಲಿ ಚಾಕು ತಡೆಯುತ್ತಾರೆ. ಆಟೋದಲ್ಲೇ ಬಸ್ ಸ್ಟ್ಯಾಂಡಿಗೆ ಹೋಗಿ.