ಏಳು ಗೇರಿನ ಆಟೋಮ್ಯಾಟಿಕ್ಕೋ ಆರು ಗೇರಿನ ಮ್ಯಾನ್ಯುವಲ್ಲೋ: ಓಡಿಸಿದವರು ಹೇಳಿ

ಪ್ರಶ್ನೆ, ಕಲಬುರಗಿಯಿಂದ

ಒಂದೂವರೆ ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ನಿನ, ಓಟಕ್ಕೆ ಹೆಸರಾದ ಸೆಡಾನ್ ಒಂದನ್ನು ಕೊಳ್ಳಬೇಕೆಂದಿದ್ದೇನೆ. ಎಂಜಿನ್ ಒಂದೇ, ಶಕ್ತಿಯೂ ಒಂದೇ. ಒಂದರಲ್ಲಿ ಆರು ಗೇರಿನ ಮ್ಯಾನ್ಯುವಲ್, ಇನ್ನೊಂದರಲ್ಲಿ ಎರಡು ಕ್ಲಚ್ಚಿನ ಏಳು ಗೇರಿನ ಆಟೋಮ್ಯಾಟಿಕ್. ಎರಡನ್ನೂ ಓಡಿಸಿ ನೋಡಿದೆ. ನೂರರ ವೇಗದಲ್ಲಿ ಆಟೋಮ್ಯಾಟಿಕ್‌ನ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಮುಳ್ಳು ಸಾಕಷ್ಟು ಕೆಳಗೆ ನಿಂತಿತ್ತು. ಏಳನೆಯ ಗೇರು ಇರುವುದು ಹೆಚ್ಚಿನ ವೇಗಕ್ಕೇ? ಗೇರು ಹೆಚ್ಚಿದ್ದರೆ ಕಾರು ಚುರುಕೇ? ಮನೆ ಸೇಡಂ ರಸ್ತೆಯಲ್ಲಿ, ಅಂಗಡಿ ಸದಾ ವಾಹನ ದಟ್ಟಣೆಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ. ಹುಮನಾಬಾದ್ ಮೇಲೆ ಹೈದರಾಬಾದಿಗೆ ಆಗಾಗ ಹೋಗುತ್ತೇನೆ.

ಬೀದರ್‌ನಿಂದ

ಏಳನೆಯದು ವೇಗದ ಗೇರಲ್ಲ, ಪೆಟ್ರೋಲ್ ಉಳಿಸುವ ಗೇರು. ಪೋರ್ಷೆ 911ಕ್ಕೆ 2008ರಲ್ಲಿ ಏಳು ಗೇರಿನ ಎರಡು ಕ್ಲಚ್ಚಿನ ಪೆಟ್ಟಿಗೆ ಬಂದಾಗಲೂ ಗರಿಷ್ಠ ವೇಗ ಸಿಗುತ್ತಿದ್ದದ್ದು ಆರನೆಯದರಲ್ಲೇ. ಏಳನೆಯದು ಹೆದ್ದಾರಿಯಲ್ಲಿ ಎಂಜಿನ್ ನಿಧಾನವಾಗಿ ತಿರುಗಲಿ ಎಂದು ಕೊಟ್ಟದ್ದು. ನನ್ನದೂ ಏಳು ಗೇರಿನ ಕಾರು. ಹೈದರಾಬಾದಿನ ಹೊರವರ್ತುಲ ರಸ್ತೆ ಹತ್ತಿದ ಮೇಲೆ ಅದು ಏಳರಲ್ಲಿ ಸದ್ದಿಲ್ಲದೆ ಸಾಗುತ್ತದೆ. ಬೀದರ್ ಊರೊಳಗೆ ಏಳರ ಮುಖವನ್ನೇ ನೋಡುವುದಿಲ್ಲ.

ಆಳಂದದವನು, ಈಗ ದುಬೈಯಲ್ಲಿ

ನನ್ನ ಬಳಿ ಟೊಯೊಟಾ 86 ಮ್ಯಾನ್ಯುವಲ್ ಇದೆ, ಕೋಣೆಯ ಗೆಳೆಯನ ಬಳಿ ಅದೇ ಕಾರಿನ ಆಟೋಮ್ಯಾಟಿಕ್. 2012ರಲ್ಲಿ ಬಂದ ಈ ಕಾರು ಭಾರತದಲ್ಲಿ ಮಾರಾಟವಾಗಲಿಲ್ಲ, ಆದರೆ ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಎರಡರಲ್ಲೂ ಎರಡು ಲೀಟರಿನ ಅದೇ ಎಂಜಿನ್, ಎರಡರಲ್ಲೂ ಆರೇ ಗೇರು, ಫೈನಲ್ ಡ್ರೈವ್ (ಗೇರ್ ಪೆಟ್ಟಿಗೆಗೂ ಚಕ್ರಕ್ಕೂ ನಡುವಿನ ಕೊನೆಯ ಹಲ್ಲುಜೋಡಿಯ ಅನುಪಾತ) ಕೂಡ ಎರಡಕ್ಕೂ 4.1.

ಗೇರಿನ ಅನುಪಾತವೆಂದರೆ ಪೆಟ್ಟಿಗೆಯಿಂದ ಹೊರಬರುವ ದಂಡ ಒಂದು ಸುತ್ತು ತಿರುಗಲು ಎಂಜಿನ್ ತಿರುಗಬೇಕಾದ ಸುತ್ತು. ಮ್ಯಾನ್ಯುವಲ್‌ನ ಅನುಪಾತಗಳು ಒಂದರಿಂದ ಆರನೆಯ ಗೇರಿನವರೆಗೆ ಕ್ರಮವಾಗಿ 3.626, 2.188, 1.541, 1.213, 1.000, 0.767. ಆಟೋಮ್ಯಾಟಿಕ್‌ನವು 3.538, 2.060, 1.404, 1.000, 0.713, 0.582. ಅನುಪಾತ 1.000 ಆಗಿರುವ ಗೇರು ಎಲ್ಲಿದೆ ನೋಡಿ: ಮ್ಯಾನ್ಯುವಲ್‌ನಲ್ಲಿ ಐದನೆಯದು, ಆಟೋಮ್ಯಾಟಿಕ್‌ನಲ್ಲಿ ನಾಲ್ಕನೆಯದು. ಎಂದರೆ ಆಟೋಮ್ಯಾಟಿಕ್ ನಾಲ್ಕೇ ಗೇರಿನಲ್ಲಿ ಓಟದ ಕೆಲಸ ಮುಗಿಸಿ ಉಳಿದ ಎರಡನ್ನು ಪೆಟ್ರೋಲ್ ಉಳಿಸಲು ಇಟ್ಟುಕೊಂಡಿದೆ. ಮ್ಯಾನ್ಯುವಲ್ ಐದನ್ನು ಓಟಕ್ಕೇ ಕೊಟ್ಟಿದೆ.

ಇದರ ಪರಿಣಾಮ ಕೈಗೂ ಕಿವಿಗೂ ಗೊತ್ತಾಗುತ್ತದೆ. ಏಳು ಸಾವಿರ ಆರ್‌ಪಿಎಂವರೆಗೆ ಎಳೆದು ಮೂರರಿಂದ ನಾಲ್ಕಕ್ಕೆ ಹಾಕಿದರೆ ನನ್ನ ಕಾರಿನ ಮುಳ್ಳು 5,500ರ ಆಸುಪಾಸಿಗೆ ಇಳಿಯುತ್ತದೆ, ಗೆಳೆಯನದು ಐದು ಸಾವಿರಕ್ಕೆ. ಈ ಎಂಜಿನ್ನಿಗೆ ಟರ್ಬೊ ಇಲ್ಲ, ಅದರ ಜೀವವಿರುವುದೇ ಮೇಲಿನ ಆರ್‌ಪಿಎಂನಲ್ಲಿ. ಆ ಐನೂರು ಆರ್‌ಪಿಎಂ ಅಂತರದಲ್ಲಿ ಗೆಳೆಯನ ಕಾರು ಕ್ಷಣಕಾಲ ಉಸಿರು ಎಳೆದುಕೊಳ್ಳುತ್ತದೆ, ನನ್ನದು ಎಳೆಯುತ್ತಲೇ ಇರುತ್ತದೆ. ಯುರೋಪಿನಲ್ಲಿ ಕಂಪನಿಯೇ ಕೊಟ್ಟ ಅಂಕಿ: ಸೊನ್ನೆಯಿಂದ ನೂರಕ್ಕೆ ಮ್ಯಾನ್ಯುವಲ್ 7.6 ಸೆಕೆಂಡ್, ಆಟೋಮ್ಯಾಟಿಕ್ 8.2. ಗರಿಷ್ಠ ವೇಗ 226 ಮತ್ತು 210. ಆದರೆ ಅಬುಧಾಬಿ ಹೆದ್ದಾರಿಯಲ್ಲಿ ನೂರರಲ್ಲಿ ಹೋಗುವಾಗ ನನ್ನದು 2,700ರ ಹತ್ತಿರ ಗುಂಯ್‌ಗುಡುತ್ತದೆ, ಅವನದು ಎರಡು ಸಾವಿರದಲ್ಲಿ ನೆಮ್ಮದಿಯಾಗಿರುತ್ತದೆ. ದೂರದ ಪ್ರಯಾಣಕ್ಕೆ ನಾವು ತೆಗೆಯುವುದು ಅವನ ಕಾರನ್ನೇ.

ಕಲಬುರಗಿಯಿಂದ, ಆಟೋಮೊಬೈಲ್ ವಿಭಾಗದಲ್ಲಿ ಪಾಠ ಹೇಳುವವನು

ಮೇಲಿನವರು ಕೊಟ್ಟ ಅಂಕಿ ಸರಿಯಾಗಿದೆ, ಆದರೆ ಒಂದು ಎಚ್ಚರಿಕೆ. 86ರ ಆಟೋಮ್ಯಾಟಿಕ್ ಟಾರ್ಕ್ ಕನ್ವರ್ಟರ್ ಬಗೆಯದು, ನೀವು ನೋಡಿರುವುದು ಎರಡು ಕ್ಲಚ್ಚಿನದು. ಎರಡನ್ನೂ ಆಟೋಮ್ಯಾಟಿಕ್ ಎಂದು ಒಂದೇ ಗಂಟಿಗೆ ಕಟ್ಟಬಾರದು. ಕನ್ವರ್ಟರಿನೊಳಗೆ ಎಣ್ಣೆಯ ಮೂಲಕ ಬಲ ಸಾಗುತ್ತದೆ. ಕಾರು ನಿಂತಲ್ಲಿಂದ ಹೊರಡುವಾಗ ಅದು ಎಂಜಿನ್ನಿನ ಟಾರ್ಕನ್ನು (ತಿರುಗಿಸುವ ಬಲವನ್ನು) ಸುಮಾರು ಎರಡು ಪಟ್ಟು ಹೆಚ್ಚಿಸುತ್ತದೆ. ಹಾಗಾಗಿ ಗೇರುಗಳ ನಡುವೆ ದೊಡ್ಡ ಅಂತರ ಬಿಟ್ಟರೂ ನಡೆಯುತ್ತದೆ. ಎರಡು ಕ್ಲಚ್ಚಿನ ಪೆಟ್ಟಿಗೆಗೆ ಆ ಅನುಕೂಲವಿಲ್ಲ. ಅದರ ಮೊದಲ ಗೇರು ಚಿಕ್ಕದಾಗಿರಲೇಬೇಕು (ಅನುಪಾತದ ಅಂಕಿ ದೊಡ್ಡದು), ಕೊನೆಯದು ಉದ್ದವಾಗಿರಬೇಕು (ಅಂಕಿ ಸಣ್ಣದು), ನಡುವೆ ಕಂದಕ ಬೀಳಬಾರದು. ಏಳು ಗೇರು ಬಂದದ್ದು ಹೀಗೆ.

ಗೇರಿನ ಸಂಖ್ಯೆಯನ್ನು ಎಣಿಸುವುದು ಬಿಟ್ಟು ಗೇರಿನ ಅನುಪಾತವನ್ನು ಫೈನಲ್ ಡ್ರೈವ್‌ನಿಂದ ಗುಣಿಸಿ ನೋಡಿ. 16 ಇಂಚಿನ ಚಕ್ರಕ್ಕೆ ಹಾಕುವ 205/55 ಆರ್16 ಅಳತೆಯ ಟೈರಿನ ಸುತ್ತಳತೆ ಸುಮಾರು 1.98 ಮೀಟರ್. ನೂರರ ವೇಗದಲ್ಲಿ ಅಂಥ ಚಕ್ರ ನಿಮಿಷಕ್ಕೆ ಸುಮಾರು 840 ಸುತ್ತು ತಿರುಗುತ್ತದೆ. ಗುಣಲಬ್ಧ 2.4 ಆದರೆ ಎಂಜಿನ್ ಎರಡು ಸಾವಿರದ ಸಮೀಪ, 3.1 ಆದರೆ 2,600. ಒಂದು ಕಾರಿನ ಮೂರನೆಯ ಗೇರನ್ನು ಇನ್ನೊಂದರ ಮೂರನೆಯದರ ಪಕ್ಕ ನೇರವಾಗಿ ಇಡಬೇಡಿ. ಎರಡು ಕ್ಲಚ್ಚಿನ ಕೆಲವು ಪೆಟ್ಟಿಗೆಗಳಲ್ಲಿ ಫೈನಲ್ ಡ್ರೈವ್ ಅನುಪಾತವೇ ಎರಡಿರುತ್ತವೆ, ಕೆಲವು ಗೇರುಗಳಿಗೆ ಒಂದು, ಉಳಿದವಕ್ಕೆ ಇನ್ನೊಂದು. ಗುಣಿಸದೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ವಾಡಿಯಿಂದ

ಹೈದರಾಬಾದ್ ರಸ್ತೆಯ ಮಾತು ಆಯಿತು. ನಮ್ಮ ಕಡೆಯ ರಸ್ತೆಗಳ ಮಾತನ್ನೂ ಕೇಳಿ. ಶಹಾಬಾದ್, ವಾಡಿ, ಮಳಖೇಡ, ಸೇಡಂ ಸುತ್ತ ಸಿಮೆಂಟ್ ಲಾರಿಗಳ ಸಾಲು ತಪ್ಪಿದ್ದಲ್ಲ. ಐವತ್ತು ಅರವತ್ತರಲ್ಲಿ ಹೋಗುವ ಬಲ್ಕರ್ (ಸಿಮೆಂಟ್ ತುಂಬಿದ ಟ್ಯಾಂಕರ್ ಲಾರಿ) ಹಿಂದೆ ಸಿಕ್ಕಿಕೊಂಡು, ಎದುರಿನ ದಾರಿ ಖಾಲಿಯಾದ ಕೂಡಲೇ ಪಾರಾಗಬೇಕು. ಅಲ್ಲಿ ಆರನೆಯದೂ ಏಳನೆಯದೂ ಕೆಲಸಕ್ಕೆ ಬರುವುದಿಲ್ಲ, ಬೇಕಾದದ್ದು ಮೂರನೆಯದು.

ನಾನು ಎರಡು ಕ್ಲಚ್ಚಿನ ಕಾರನ್ನೇ ಓಡಿಸುತ್ತೇನೆ. ಗೇರನ್ನು ಕಾರೇ ಆರಿಸುವ ‘ಡಿ’ಯಲ್ಲಿ ಬಿಟ್ಟರೆ ಅದು ಪೆಟ್ರೋಲ್ ಉಳಿಸಲು ಅರವತ್ತಕ್ಕೇ ಐದನೆಯದನ್ನೋ ಆರನೆಯದನ್ನೋ ಹಿಡಿದಿರುತ್ತದೆ. ಥಟ್ಟನೆ ಆಕ್ಸಿಲರೇಟರ್ ಪೆಡಲ್ ಒತ್ತಿದರೆ ಒಂದು ತಡವರಿಕೆ ಇದೆ. ಬೆಸ ಗೇರುಗಳು ಒಂದು ಕ್ಲಚ್ಚಿಗೆ, ಸರಿ ಗೇರುಗಳು ಇನ್ನೊಂದಕ್ಕೆ ಸೇರಿರುತ್ತವೆ. ಆರರಿಂದ ಐದಕ್ಕೆ ಇಳಿಯುವುದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಆಗುತ್ತದೆ. ಆರರಿಂದ ನಾಲ್ಕಕ್ಕೆ, ಐದರಿಂದ ಮೂರಕ್ಕೆ ಇಳಿಯಬೇಕಾದರೆ ಅದೇ ಕ್ಲಚ್ಚಿನ ಗೇರು ಬಿಟ್ಟು ಅದರಲ್ಲೇ ಮತ್ತೊಂದನ್ನು ಹಿಡಿಯಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಆದ್ದರಿಂದ ಲಾರಿಯ ಹಿಂದೆ ಇರುವಾಗಲೇ ಸ್ಟೀರಿಂಗ್ ಹಿಂದಿನ ಎಡಗೈಯ ಪ್ಯಾಡಲ್ (ಗೇರು ಇಳಿಸುವ ಸಣ್ಣ ಸನ್ನೆ) ಒತ್ತಿ ಮೂರಕ್ಕೆ ತಂದು ಇಟ್ಟುಕೊಳ್ಳುತ್ತೇನೆ. ದಾರಿ ಕಂಡ ಮೇಲೆ ಗೇರು ಹುಡುಕುವ ಪ್ರಮೇಯವೇ ಇರಬಾರದು. ಪ್ಯಾಡಲ್ ಇಲ್ಲದ ಮಾದರಿಯನ್ನು ದಯವಿಟ್ಟು ಕೊಳ್ಳಬೇಡಿ. ಮ್ಯಾನ್ಯುವಲ್‌ನಲ್ಲಿ ಈ ಕೆಲಸವನ್ನು ನಿಮ್ಮ ಕೈಯೇ ಮಾಡುತ್ತದೆ, ಅಷ್ಟೇ ವ್ಯತ್ಯಾಸ.

ಕಲಬುರಗಿಯಿಂದ, ಗ್ಯಾರೇಜ್ ಇಟ್ಟವನು

ಸೂಪರ್ ಮಾರ್ಕೆಟ್ ಎಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಕ್ಲಚ್ ಒಣ ಬಗೆಯದೋ ಎಣ್ಣೆಯಲ್ಲಿ ಮುಳುಗಿದ್ದೋ ಎಂದು ಮೊದಲು ಕೇಳಿ ತಿಳಿದುಕೊಳ್ಳಿ. ಒಣ ಕ್ಲಚ್ಚಿನ ಬಿಸಿಯನ್ನು ಹೊತ್ತೊಯ್ಯಲು ಎಣ್ಣೆಯಿಲ್ಲ. ಮೇ ತಿಂಗಳಲ್ಲಿ ಹೊರಗೇ ನಲವತ್ತು ಡಿಗ್ರಿ ದಾಟಿರುವಾಗ ಬ್ರೇಕನ್ನು ಅರೆಬರೆ ಬಿಡುತ್ತ ಇಂಚಿಂಚಾಗಿ ತೆವಳಿಸಿದರೆ ಕ್ಲಚ್ ಜಾರುತ್ತಲೇ ಇರುತ್ತದೆ, ಕಾಯುತ್ತಲೇ ಇರುತ್ತದೆ. ಬ್ರೇಕ್ ಪೂರ್ತಿ ಒತ್ತಿ ನಿಲ್ಲಿಸಿ, ಮುಂದೆ ಒಂದು ಕಾರಿನಷ್ಟು ಜಾಗ ಬಿಟ್ಟ ಮೇಲೆ ಒಮ್ಮೆಲೇ ಚಲಿಸಿ. ಎಣ್ಣೆಯ ಕ್ಲಚ್ ಆದರೆ ಇಷ್ಟು ಭಯವಿಲ್ಲ, ಆದರೆ ಹೇಳಿದ ಅವಧಿಗೆ ಗೇರ್‌ಬಾಕ್ಸ್ ಎಣ್ಣೆ ಬದಲಿಸಲೇಬೇಕು. ಮ್ಯಾನ್ಯುವಲ್‌ನ ಕ್ಲಚ್ ಸವೆದರೂ ಅದರ ರಿಪೇರಿ ಇಲ್ಲೇ ಆಗುತ್ತದೆ, ಖರ್ಚೂ ಕಡಿಮೆ. ಎರಡು ಕ್ಲಚ್ಚಿನ ಪೆಟ್ಟಿಗೆ ಬಿಚ್ಚಲು ವಿಶೇಷ ಉಪಕರಣ ಬೇಕು, ಎಲ್ಲರ ಕೈಗೂ ಕೊಡಬೇಡಿ.

ಪ್ರಶ್ನೆ ಕೇಳಿದವನು

ಎಲ್ಲರಿಗೂ ಧನ್ಯವಾದ. ಭಾನುವಾರ ಎರಡೂ ಕಾರನ್ನು ಮತ್ತೆ ತರಿಸಿದ್ದೇನೆ. ಈ ಸಲ ರಿಂಗ್ ರೋಡಿನಲ್ಲಿ ಅಲ್ಲ, ಮಳಖೇಡದವರೆಗೆ ಹೋಗಿ ಮೂರನೆಯ ಗೇರಿನಲ್ಲಿ ಐವತ್ತರಿಂದ ತೊಂಬತ್ತಕ್ಕೆ ಎಳೆದು ನೋಡುತ್ತೇನೆ, ಎಸಿ ಹಾಕಿ, ಮನೆಯವರನ್ನೆಲ್ಲ ಕೂರಿಸಿಕೊಂಡು. ಇನ್ನೊಂದು ಮಾತು: 17 ಇಂಚಿನ ಚಕ್ರ ಹಾಕಿಸಿದರೆ ಈ ಲೆಕ್ಕವೆಲ್ಲ ಬದಲಾಗುತ್ತದೆಯೇ?

ಪಾಠ ಹೇಳುವವನು

205/50 ಆರ್17 ಹಾಕಿಸಿದರೆ ಹೊರಗಿನ ವ್ಯಾಸ ಶೇ 1ರಷ್ಟೂ ಹೆಚ್ಚುವುದಿಲ್ಲ, ಗೇರಿನ ಲೆಕ್ಕ ಹಾಗೆಯೇ ಉಳಿಯುತ್ತದೆ. 205/55 ಆರ್17 ಹಾಕಿಸಿದರೆ ಶೇ 4ರಷ್ಟು ಹೆಚ್ಚುತ್ತದೆ. ಆಗ ಎಲ್ಲ ಗೇರುಗಳೂ ಅಷ್ಟರಮಟ್ಟಿಗೆ ಉದ್ದವಾಗುತ್ತವೆ, ಎಳೆತ ಕುಗ್ಗುತ್ತದೆ, ಸ್ಪೀಡೊಮೀಟರ್ ತೋರಿಸುವ ವೇಗವೂ ನಿಜವಾದದ್ದಕ್ಕಿಂತ ಇಳಿಯುತ್ತ ಬರುತ್ತದೆ.